ಉಳಿದರ್ಧ

ಜನವರಿ ಎರಡು. ನಮ್ಮಲ್ಲಿ ಇದಕ್ಕೆ ಬೆದೋಬಾ ಅಂತಾರೆ,
ಹಣೆಬರಹದ ದಿನ.
ಇವತ್ತು ಹೇಗೋ ವರ್ಷವೆಲ್ಲ ಹಾಗೇ,
ಅಂತಿದ್ದಳು ಅಮ್ಮ:
ಬಟ್ಟೆ ಒಗೆಯಬೇಡ, ಸಾಲ ಕೊಡಬೇಡ,
ಗಂಡನ ಜೊತೆಗಿನ ಜಗಳ ನಾಳೆಗಿಟ್ಟುಕೋ.

ನಿನ್ನೆ ಹೊಸ್ತಿಲನ್ನು ಮೊದಲು ದಾಟಿದವನು ಮಾಮುಕಾ.
ಕಾಲ್ಗುಣ ಒಳ್ಳೆಯದಂತೆ.
ಹೋದ ವರ್ಷವೂ ಅವನೇ ಬಂದಿದ್ದ,
ಹೋದ ವರ್ಷವೇ ನನ್ನ ಮೊಣಕಾಲು ಹೋಯಿತು.
ಇರಲಿ. ಸಿಹಿ ತಂದಿದ್ದ.

ತೊಂಬತ್ನಾಲ್ಕರ ಬೆದೋಬಾ ಹೇಳುತ್ತೇನೆ.
ಚಿಯಾತುರಾದಲ್ಲಿ ಗ್ಯಾಸಿಲ್ಲ, ನೀರಿಲ್ಲ,
ಬ್ರೆಡ್ಡಿಗೆ ನಸುಕಿನಲ್ಲೇ ಸಾಲು.
ನಾನು ಕೇಬಲ್ ಕಾರಿನ ಬಾಗಿಲು ಹಾಕುವವಳು;
ಕರೆಂಟು ಹೋದರೆ ಕಣಿವೆಯ ನೆತ್ತಿಯಲ್ಲಿ
ನೇತಾಡುತ್ತಿದ್ದೆವು, ಒಗೆದು ಮರೆತ ಅಂಗಿಯ ಹಾಗೆ.

ಅಂಥದರಲ್ಲೂ ಗಣಿಯವರ ಕ್ಲಬ್ಬಿನಲ್ಲಿ ಸಿನಿಮಾ.
ಟಿಕೀಟೆಂದರೆ ಒಂದು ತುಂಡು ಸೌದೆ,
ಹಾಲಿನ ಒಲೆಗೆ.
ಒಬ್ಬ ಕುರ್ಚಿಯ ಕಾಲನ್ನೇ ಮುರಿದು ತಂದಿದ್ದ.

ಪರದೆಯ ಮೇಲೆ ಒಬ್ಬ ಅಂಚೆಯವನು,
ಒಂದು ಕುದುರೆ, ಚೀಲದಲ್ಲಿ ಒಂದೇ ಕಾಗದ,
ಆಚೆ ದಡದಲ್ಲಿ ಅದಕ್ಕಾಗಿ ಕಾಯುವ ಹುಡುಗಿ.
ಹೊಳೆ ತುಂಬಿ ಬಂದಿದೆ. ಕುದುರೆಗೆ ಕುತ್ತಿಗೆವರೆಗೂ ನೀರು.
ಅಷ್ಟರಲ್ಲಿ
ಫಕ್ಕನೆ ಕತ್ತಲೆ.

ಯಾರೂ ಬಯ್ಯಲಿಲ್ಲ. ಬೆದೋಬಾ ಅಲ್ಲವೆ,
ಬೈದರೆ ವರ್ಷವೆಲ್ಲ ಬಯ್ಗುಳ.

ಪ್ರೊಜೆಕ್ಟರಿನ ನುಗ್ಜಾರ್ ಮೆಟ್ಟಿಲಿಳಿದು ಬಂದ,
ಕೈಯಲ್ಲಿ ಮೀನಿನ ಡಬ್ಬಿ, ಅದರೊಳಗೆ ಮೋಂಬತ್ತಿ ತುಂಡು.
'ಏಳಬೇಡಿ' ಅಂದ, 'ಕುದುರೆ ಈಜುತ್ತದೆ.'

ಈಜಿತು.
ಮುಕ್ಕಾಲು ಗಂಟೆ ಅವನ ಬಾಯಲ್ಲೇ ಈಜಿತು.
ಕಾಗದ ಒದ್ದೆಯಾಯಿತು, ಅಕ್ಷರ ಉಳಿಯಿತು,
ಹುಡುಗಿ ಓದಿದಳು, ಅತ್ತಳು, ನಕ್ಕಳು,
ಮದುವೆಯಾಯಿತು.
ಮದುವೆಯ ಮೇಜಿನ ಮೇಲೆ ಏನೇನಿತ್ತೆಂದು
ಒಂದೊಂದಾಗಿ ಹೇಳುತ್ತ ಹೋದ.
ಹಾಲಿಗೆ ಹಾಲೇ ಎಂಜಲು ನುಂಗಿತು.
ಹಿಂದಿನ ಸಾಲಿನಿಂದ ಝುಝುನಾ ಮುದುಕಿ ಕೇಳಿದಳು:
'ಬದನೆಕಾಯಿ ಇರಲಿಲ್ಲವೇನೋ?'
'ಇತ್ತಮ್ಮ, ಮರೆತೆ. ಅಕ್ರೋಟು ಅರೆದು ತುಂಬಿದ್ದು.'
'ಹಾಗೆ ಹೇಳು' ಅಂದಳು ಆಕೆ, ನೆಮ್ಮದಿಯಾಗಿ.

ಅಮ್ಮನ ಮಾತು ಸುಳ್ಳಾಗಲಿಲ್ಲ.
ಆ ವರ್ಷವೆಲ್ಲ ಹಾಗೇ:
ದಿನವೂ ಅರ್ಧದಲ್ಲಿ ಕರೆಂಟು ಹೋಯಿತು,
ದಿನವೂ ಯಾರೋ ಒಬ್ಬರು
ಉಳಿದರ್ಧ ಮುಗಿಸಿಕೊಟ್ಟರು.
ಅರ್ಧ ಬೆಂದ ಹುರುಳಿ ಪಕ್ಕದವರ ಸೌದೆಯಲ್ಲಿ ಬೆಂದಿತು.
ನನ್ನ ಡಬ್ಬಿಯಲ್ಲಿ ಸಿಕ್ಕಿಕೊಂಡ ಒಂಬತ್ತು ಮಂದಿ
ಒಂದು ಸೇಬನ್ನು ಒಂಬತ್ತು ಮಾಡಿದರು;
ಹತ್ತನೆಯದು, ನನಗೆ, ಹೇಗೆ ಬಂತೋ.

ಕಳೆದ ತಿಂಗಳು ಮೊಮ್ಮಗಳು ಫೋನಿನಲ್ಲಿ
ಆ ಸಿನಿಮಾ ಹುಡುಕಿಕೊಟ್ಟಳು.
ಕನ್ನಡಕ ಹಾಕಿಕೊಂಡು ಕೂತೆ.
ಹೊಳೆ ಬಂತು. ಕುದುರೆ ಮುಳುಗಿತು.
ಅವನೂ ಮುಳುಗಿದ.
ಚೀಲವೊಂದು ತೇಲಿತು, ಸ್ವಲ್ಪ ಹೊತ್ತು.
'ಅಜ್ಜಿ, ಯಾಕೆ ನಗ್ತೀಯ?'

ಅನ್ನದ ಋಣ ಗೊತ್ತು, ನೀರಿನ ಋಣ ಗೊತ್ತು.
ಸುಳ್ಳಿನ ಋಣವನ್ನು ಏನು ಕೊಟ್ಟು ತೀರಿಸುವುದು?
ಜೇನಲ್ಲಿ ಅಕ್ರೋಟು ಕುದಿಸಿ ಬಿಲ್ಲೆ ಕತ್ತರಿಸಿ
ಇವತ್ತು ನುಗ್ಜಾರನ ಮನೆಗೆ ಹೋದೆ.
ಹಲ್ಲಿಲ್ಲದವನಿಗೆ ಅದನ್ನೊಯ್ದಿದ್ದೆನಲ್ಲ, ಪೆದ್ದಿ.
ಕಿವಿಯೂ ಇಲ್ಲ. ಕೂಗಿ ಕೇಳಿದೆ:
ಯಾಕಯ್ಯಾ ಬದುಕಿಸಿದೆ ಅವನನ್ನು?

'ಕೊನೆ ನಾನೆಲ್ಲಿ ನೋಡಿದ್ದೆ?' ಅಂದ.
'ಐದು ರೀಲಿನಲ್ಲಿ ಬಂದದ್ದೇ ನಾಲ್ಕು.
ಜನ ಸೌದೆ ತಂದು ಕೂತಿದ್ದಾರೆ,
ಮೇಲೆ ನಾನು ಆ ಚಳಿಯಲ್ಲೂ ಬೆವರುತ್ತಿದ್ದೇನೆ.
ಕರೆಂಟು ಹೋಯಿತು.
ಆ ಪವರ್ ಸ್ಟೇಷನ್ನಿನವರಿಗೆ ಇವತ್ತಿಗೂ
ಮೊದಲ ಲೋಟ ಎತ್ತುತ್ತೇನೆ.'

ಎತ್ತಿದೆವು.
ಟೀವಿಯಲ್ಲಿ ಯಾವುದೋ ಸಿನಿಮಾ ಹತ್ತಿತ್ತು.
ತುಟಿಗಳು ಆಡುವುದನ್ನೇ ನೋಡುತ್ತಿದ್ದ ಅವನಿಗೆ
ಒಂದೊಂದು ಮಾತನ್ನೂ ನಾನು ಕಿರುಚಿ ಹೇಳಿದೆ,
ಅಲ್ಲಲ್ಲಿ ನನ್ನದೂ ಸೇರಿಸಿ.
ವರ್ಷವೆಲ್ಲ ಹೀಗೇ ಅಂತೆ.
ಗಂಟಲಿನ ಗತಿ ಏನಾಗುತ್ತದೋ.