ಏಳನೆಯ ಟೇಕ್

ಅಪ್ಪನ ಪಾತ್ರದವನು ಬಂದು ಕೇಳಿದ:
ಗ್ಲಾಸು ಯಾವ ಕೈಯಲ್ಲಿ ಹಿಡಿಯುತ್ತಿದ್ದರು?
ಬಲಗೈ ಎಂದೆ. ಎಡಗೈ ಬ್ರಶ್ಶಿಗೆ.
ಚೀಟಿಯಲ್ಲಿ ಬರೆದುಕೊಂಡ.
ಮಗಳನ್ನು ಯಾವ ಕೈಯಲ್ಲಿ ಎಂದು ಕೇಳಲಿಲ್ಲ.
ಕೇಳಿದ್ದರೆ, ಕೋಟಿನ ಅಂಚು ಎನ್ನುತ್ತಿದ್ದೆ,
ನಾನೇ ಹಿಡಿದುಕೊಳ್ಳುತ್ತಿದ್ದೆ,
ಬಟೂಮಿಯ ಬಂದರಿನ ಗಾಳಿಗೆ
ಅದೂ ಕೈಯಿಂದ ಕಳಚಿ ಹಾರುತ್ತಿತ್ತು.

ಮೂರು ವಾರದಿಂದ ನಮ್ಮ ಬೀದಿಗೆ ೧೯೭೮.
ಡಿಶ್ ಆಂಟೆನಾಗಳಿಗೆಲ್ಲ ಗೋಣಿತಾಟು ಹೊದಿಸಿದ್ದಾರೆ.
ನನ್ನ ಔಷಧಿ ಅಂಗಡಿಯ ಬೋರ್ಡು ಬಿಚ್ಚಿ
ಬ್ರೆಡ್ಡಿನಂಗಡಿ ಮಾಡಿದ್ದಾರೆ.
ಪಕ್ಕದ ಮನೆಯ ಮುದುಕ ಶೋತಾ ನಿಜವೆಂದೇ ತಿಳಿದು
ಚೀಲ ಹಿಡಿದು ಸಾಲಿನಲ್ಲಿ ನಿಂತ.
ಹೋಗು ಎಂದರೆ ಹೋಗಲಿಲ್ಲ, ಹಳೆಯ ಅಭ್ಯಾಸ.
ಹಾಗೇ ಸಿನಿಮಾದೊಳಗೆ ಸೇರಿಹೋದ.

ನಿರ್ದೇಶಕಿ ಎಲಿಸೊ ತಿಬಿಲಿಸಿಯವಳು,
ಕನ್ನಡಕ ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವವಳು.
ಒಳ್ಳೆಯವಳೇ. ದೋಷವಿರಲಿ, ಆದರೆ
ಜನ ಅವನನ್ನು ಪ್ರೀತಿಸಬೇಕು ಎಂದಳು.
ದೋಷ! ರುಚಿಗೆ ತಕ್ಕಷ್ಟು.

ಅಮ್ಮನ ಹೊಲಿಗೆ ಯಂತ್ರ ಮಾರಿ
ಆರು ಟ್ಯೂಬು ಕೋಬಾಲ್ಟ್ ನೀಲಿ ತಂದದ್ದು ಇದೆ,
ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ.
ಆ ನೀಲಿಯಲ್ಲಿ ಒಂದು ಗೆರೆಯನ್ನೂ ಎಳೆಯದೆ
ಕಿಟಕಿಯಲ್ಲೇ ಅವು ಕಲ್ಲಾದದ್ದು ಇಲ್ಲ.
ತ್ಸಿಯಾಲಾ ಇದ್ದಾಳೆ: ಇಪ್ಪತ್ತೇಳರ ನಟಿ, ಕೆಂಪು ಸ್ಕಾರ್ಫು.
ನಿಜದವಳಿಗೆ ಆಗ ನಲವತ್ತೊಂಬತ್ತು,
ಹಡಗುಕಟ್ಟೆಯಲ್ಲಿ ಲೆಕ್ಕ ಬರೆಯುವ ಕೆಲಸ,
ಮೊಣಕಾಲು ನೋವು, ಅಪ್ಪನ ಕೋಣೆಯ ಬಾಡಿಗೆ ಕಟ್ಟುತ್ತಿದ್ದವಳು.
ಅವನನ್ನು ಮಣ್ಣು ಮಾಡಿದ ದಿನ
ಬಂದವರ ಊಟಕ್ಕೆಂದು ಅಮ್ಮನೂ ಅವಳೂ
ಒಂದೇ ಬಾಣಲೆಯಲ್ಲಿ ಬದನೆಕಾಯಿ ಹುರಿದರು.
ಉಪ್ಪು ಕೊಡು. ತಗೋ.
ಅಷ್ಟೇ ಮಾತು. ಅದೂ ಇಲ್ಲ.

ಇರುವುದು ಆಸ್ಪತ್ರೆ.
ಅಮ್ಮನ ಮಂಚದ ಪಕ್ಕ ಅವನು ಮಂಡಿಯೂರಿ ಕ್ಷಮೆ ಕೇಳುವುದು.
ಅಪ್ಪ ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯಲಿಲ್ಲ.
ಅಮ್ಮನ ಹೊಟ್ಟೆ ಕೊಯ್ದ ವಾರ
ಕೊಬುಲೆಟಿಯಲ್ಲಿ ಯಾರದೋ ಮದುವೆಗೆ ಹೋಗಿ
ಪಂಕ್ತಿಯ ಯಜಮಾನನಾಗಿ ಎದ್ದು ನಿಂತು
'ನಮ್ಮ ಹೆಂಗಸರಿಗೆ' ಎಂದು ಗ್ಲಾಸೆತ್ತಿ
ಎಲ್ಲರನ್ನೂ ಅಳಿಸಿದನಂತೆ.
ಬಣ್ಣಕ್ಕಿಂತ ಮಾತು ಅವನಿಗೆ ಚೆನ್ನಾಗಿ ಒಲಿದಿತ್ತು.
ಯಾರೂ ಅವನಿಗೆ ಅದನ್ನು ಹೇಳಲಿಲ್ಲ,
ನಾವು ಕೂಡ.

ಇವತ್ತು ಅದರ ಶೂಟಿಂಗು.
ಅಮ್ಮ ಬಂದಳು, ಎಂಬತ್ತಮೂರು,
ಇಸ್ತ್ರಿ ಮಾಡಿದ ಕಪ್ಪು ಉಡುಪು,
ಚೀಲದ ತುಂಬ ಎಲ್ಲರಿಗೂ ಮೆಕ್ಕೆಜೋಳದ ರೊಟ್ಟಿ.
ಮಾನಿಟರಿನ ಹಿಂದೆ ಕುರ್ಚಿ ಹಾಕಿ ಕೂರಿಸಿದರು.
ಮೊದಲನೆಯದಕ್ಕೆ ದೀಪ ಕೈಕೊಟ್ಟಿತು.
ಮೂರರಲ್ಲಿ ಅವನು ಅತಿಯಾಗಿ ಅತ್ತ.
ಐದರಲ್ಲಿ ಹೊರಗೆ ಹಡಗು ಕೂಗಿತು.
ಏಳರಲ್ಲಿ ಅಳಲಿಲ್ಲ. ಮಂಡಿಯೂರಿದವನು
ಮಾತು ಮರೆತವನ ಹಾಗೆ, ಎಡಗೈ ಉಗುರಿನಿಂದ
ಮಂಚದ ಕಬ್ಬಿಣಕ್ಕೆ ಹತ್ತಿದ ಬಣ್ಣದ ಹಕ್ಕಳೆಯನ್ನು
ಮೆಲ್ಲಗೆ ಕೆರೆಯತೊಡಗಿದ.

ನಾನು ಹೇಳಿಕೊಟ್ಟಿರಲಿಲ್ಲ ಅದನ್ನು.

ಮಾನಿಟರಿನ ಹಿಂದಿನಿಂದ ಅಮ್ಮನ ದನಿ:
ಏಳು, ಜುಂಬೆರ್. ನೆಲ ತಣ್ಣಗಿದೆ.

ಕಟ್.

ಎಲಿಸೊ ಬೈಯಲಿಲ್ಲ. ಕನ್ನಡಕ ಹುಡುಕಿದಳು.
ಸೌಂಡಿನ ಹುಡುಗ ಕೇಳಿದ: ಅಳಿಸಲೇ?
ಇರಲಿ ಎಂದಳು. ಸ್ವಲ್ಪ ತಡೆದು, ಇರಲಿ.
ನಟ ಎದ್ದು ಬಂದು ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತ.
ರೊಟ್ಟಿ ಮುರಿದು ಅವನ ಕೈಗಿಟ್ಟಳು:
ಅವನು ಹೀಗಿರಲಿಲ್ಲಪ್ಪ.
ನೀನು ಒಳ್ಳೆಯ ಹುಡುಗ, ಬೇರೆ ಕೆಲಸ ನೋಡಿಕೋ.

ಸುಳ್ಳು ಬ್ರೆಡ್ಡಿನಂಗಡಿ ದಾಟಿ ಮನೆಗೆ ನಡೆದೆವು.
ಶೋತಾ ಇನ್ನೂ ಸಾಲಿನಲ್ಲೇ ಇದ್ದ, ಒಬ್ಬನೇ.
ತಿರುವಿನಲ್ಲಿ ಅಮ್ಮ ನಿಂತಳು.
ಆ ಹೊಲಿಗೆ ಯಂತ್ರ, ಸಿನಿಮಾದ್ದು,
ನಮ್ಮದರ ಕಂಪನಿಯಲ್ಲ, ಆದರೂ ಚಕ್ರ ಹಗುರ ತಿರುಗುತ್ತದೆ,
ಮುಟ್ಟಿ ನೋಡಿದೆ.
ಎಲ್ಲ ಮುಗಿದ ಮೇಲೆ ಅದನ್ನೇನು ಮಾಡುತ್ತಾರೆ?

ಮಾರುತ್ತಾರೇನೋ, ಎಂದೆ.

ಎಷ್ಟಕ್ಕೆ, ಕೇಳು.