ತಾರಸಿಯ ಮೇಲೆ ಎರಡು ಮನೆ

ಕತೆ ನನಗೆ ಬಾಯಿಪಾಠ, ಅರೆನಿದ್ದೆಯಲ್ಲೂ ಹೇಳಬಲ್ಲೆ:
ಗುಬ್ಬಿಯದು ಕಲ್ಲಿನ ಮನೆ, ಕಾಗೆಯದು ಸೆಗಣಿಯದು,
ಮಳೆ ಬಂತು, ಒಂದು ಉಳೀತು, ಒಂದು ಕೊಚ್ಚಿಹೋಯ್ತು.
ಇಂಚರ ಹೊದಿಕೆ ಸರಿಸಿ ಎದ್ದು ಕೂತಳು.
"ಎಷ್ಟು ಮಳೆ? ಮಿಲಿಮೀಟರ್‌ನಲ್ಲಿ ಹೇಳವ್ವ."

ತಪ್ಪು ನನ್ನದೇ.
ಮಂಡ್ಯದ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ
ಬಟ್ಟೆಚೀಲದೊಳಗೆ ಬರುತ್ತವೆ ಗದ್ದೆಗಳು, ನನ್ನ ಮೇಜಿಗೆ,
ಜರಡಿ ಹಿಡಿದು, ತೂಗಿ, ರಸಸಾರ ಬರೆದು ಕಳಿಸುತ್ತೇನೆ.
ಶಾಲೆ ಬಿಟ್ಟವಳು ಅಲ್ಲೇ ಮೂರುಕಾಲಿನ ಸ್ಟೂಲಿನ ಮೇಲೆ
ಹೋಂವರ್ಕ್ ಮಾಡುತ್ತಾ ಬೆಳೆದವಳು.

"ಮುತ್ತಜ್ಜಿ ಕಣಜಕ್ಕೆ ಸೆಗಣಿ ಬಳೀತಿದ್ರು ಅಂತ ನೀನೇ ಹೇಳಿದ್ದೆ,
ಅದ್ಯಾಕೆ ಕರಗ್ಲಿಲ್ಲ?
ಗುಬ್ಬಿ ಮೂವತ್ತು ಗ್ರಾಂ ತೂಗಲ್ಲ, ಕಲ್ಲು ಎತ್ತಿದ್ಯಾರು?
ಕಾಗೆ ಕಟ್ಟೋದು ಕಡ್ಡೀಲಿ, ತಂತೀಲಿ.
ಟ್ರಾನ್ಸ್‌ಫಾರ್ಮರ್ ಪಕ್ಕದ ಹೊಂಗೆ ಮರ ನೋಡು ಬೇಕಾದ್ರೆ."
ಮಲಗೇ, ಅಂದೆ. ಅವಳು ಮಲಗಿದಳು.

ಭಾನುವಾರ ಕಲ್ಲಹಳ್ಳಿಯ ಬಾಡಿಗೆಮನೆಯ ತಾರಸಿ ಮೇಲೆ
ಕಟ್ಟಿದೆವು ಎರಡನ್ನೂ.
ರಸ್ತೆಗೆ ಸುರಿದ ಜಲ್ಲಿ ಒಂದು ಬುಟ್ಟಿ,
ಡೈರಿ ಹಿಂದಿನ ಮರಂಕಯ್ಯನವರ ಕೊಟ್ಟಿಗೆಯಿಂದ ಒಂದು ಬಕೆಟ್
(ಪಾಠಕ್ಕೆ ಅಂದರೆ ನಕ್ಕು, ಹುಲ್ಲು ಕಲಸಿ ಅಂದರು).
ಏಳು ಬಿಸಿಲು ಒಣಗಿಸಿ
ಒಂದೊಂದರೊಳಗೂ ಒಂದು ಉಂಡೆ ಹತ್ತಿ ಇಟ್ಟಳು.
ಅದು ಮರಿ.

ತಳಕ್ಕೆ ತೂತು ಹೊಡೆದ ಪೇಂಟ್ ಡಬ್ಬದಿಂದ ಮಳೆ ಬಿತ್ತು.
ಮೊದಲ ಡಬ್ಬಕ್ಕೇ ಕಲ್ಲಿನ ಮನೆಯ ಮರಿ ತೊಯ್ದು ತೊಪ್ಪೆ,
ಸಂದುಸಂದಿನಲ್ಲೂ ನೀರು.
ಸೆಗಣಿ ಮನೆ ಸುಮ್ಮನೆ ಬಣ್ಣ ಗಾಢ ಮಾಡಿಕೊಂಡಿತು.
ಮೂರನೆಯದಕ್ಕೆ ಕೊಟ್ಟಿಗೆಯ ವಾಸನೆ ಎದ್ದಿತು.
ಐದನೆಯದಕ್ಕೆ ಮೂಲೆ ಮೆತ್ತಗಾಯ್ತು.
ಆರಕ್ಕೆ ಒಂದು ಮಗ್ಗುಲು ಮೊಣಕಾಲೂರಿತು.

ಅವಳು ಬರೆದದ್ದು:
ಕಲ್ಲಿನ ಮನೆ ಬಿದ್ದಿಲ್ಲ, ಮರಿ ಒದ್ದೆ.
ಸೆಗಣಿ ಮನೆ ಬಿತ್ತು, ಐದು ಡಬ್ಬದವರೆಗೂ ಮರಿ ಒಣ.
"ಕತೆ ಸರಿಯೋ ತಪ್ಪೋ?" ಕೇಳಿದೆ.
ಪೆನ್ಸಿಲ್ ಕಚ್ಚಿಕೊಂಡು, "ಅರ್ಧ."

ಆಮೇಲೆ ನನ್ನ ಗಡಿಯಾರ ಬಿಚ್ಚಿಸಿಕೊಂಡಳು.
ಬಾಗಿಲು ಬಡಿದಾಗ ಗುಬ್ಬಿ ಹೇಳುತ್ತದಲ್ಲ,
ತಡಿ, ಮಗುವಿಗೆ ನೀರು ಹೊಯ್ತಿದ್ದೀನಿ,
ತಡಿ, ತಲೆ ಒರೆಸ್ತಿದ್ದೀನಿ, ಕಾಡಿಗೆ ಹಚ್ತಿದ್ದೀನಿ, ತೂಗ್ತಿದ್ದೀನಿ,
ಎಲ್ಲವನ್ನೂ ಗೊಂಬೆಗೆ ಮಾಡಿ ಮುಗಿಸಿದಳು.
"ನಲವತ್ತೊಂದು ನಿಮಿಷ.
ಚಿಲಕ ತೆಗೆಯೋಕೆ ನಾಲ್ಕು ಸೆಕೆಂಡು.
ಮತ್ತೆ ಯಾಕವ್ವ ಅಷ್ಟೊತ್ತು?"

ಇದಕ್ಕೆ ನನ್ನ ಲ್ಯಾಬಿನಲ್ಲಿ ಸಾಮಾನಿಲ್ಲ.

ನಮ್ಮಜ್ಜಿ ದೊಡ್ಡತಾಯಿ ಕೋಳಿ ಕೂಗೋ ಹೊತ್ತಿಗೆ
ಕಲ್ಲುಕಂಬದ ಮನೆಯ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು.
ಒಣಗಿದ ಮೇಲೂ ಕಾಣುತ್ತಿದ್ದವು ಅವಳ ಬೆರಳು,
ಅಂಗಳದ ತುಂಬ ಅರ್ಧಚಂದ್ರ.
ಒಂದು ಚಿತ್ತೆ ಮಳೆಗೆ, ಸಂಜೆ, ಕೂಲಿಗೆಂದು ಹೋದವರು
ಅದೇ ಮನೆಯ ಸೂರಿನ ನೀರು ಬೀಳುವಲ್ಲಿ ನಿಂತೆವು.
ಜಗಲಿ ಖಾಲಿ ಇತ್ತು.
ಒಳಗಿಂದ ದನಿ: ಇರು, ದೀಪ ಹಚ್ತಿದ್ದೀನಿ.
ಇರು, ಬಂದೆ.
ಇರು.
ಗಡಿಯಾರ ಇರಲಿಲ್ಲ ನಮ್ಮ ಹತ್ತಿರ.

ಅವತ್ತು ರಾತ್ರಿ ನನ್ನ ತಲೆ ಒರೆಸುತ್ತಾ ಅಜ್ಜಿ ಹೇಳಿದ್ದು ಇದೇ ಕತೆ.
ಎಲ್ಲರೂ ಕಾಗೆಯ ಮಾತಿಗೆ ಗಂಟಲು ಒಡಕು ಮಾಡುತ್ತಾರೆ.
ಅವಳು ಮಾಡಲಿಲ್ಲ.
ತನ್ನ ದನಿಯಲ್ಲೇ ಬಾಗಿಲು ಬಡಿದಳು.

ಇಂಚರನಿಗೆ ಇದನ್ನು ಹೇಳಿದೆನೋ? ಇಲ್ಲ, ಇನ್ನೂ ಇಲ್ಲ.
ಪಟ್ಟಿಯಲ್ಲಿ 'ಕಾರಣ' ಎಂಬ ಮನೆ ಖಾಲಿ ಬಿಟ್ಟಿದ್ದಾಳೆ.
ಗೊಂಬೆಯ ಕಾಡಿಗೆ ಒರೆಸುತ್ತಿದ್ದಾಗ
ಹೊಂಗೆಯಿಂದ ಒಂದು ಕಾಗೆ ಇಳಿಯಿತು,
ಕುಸಿದ ಸೆಗಣಿಯನ್ನು ಒಂದು ಕಣ್ಣಲ್ಲಿ ನೋಡಿ,
ಜಲ್ಲಿಸಂದಿಗೆ ಕೊಕ್ಕು ಹಾಕಿ,
ಒದ್ದೆ ಹತ್ತಿ ಎಳೆದುಕೊಂಡು ಹಾರಿತು.

"ಇದನ್ನೂ ಬರೀಲಾ?"
ಬರಿ, ಅಂದೆ.