ಹೆಬ್ಬೆರಳು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ.
ಮುಡಿಪಿನ ಪಾದೆಯ ಮೇಲೆ, ಫೆಲ್ಸಿ ಮೊಂತೇರೊ ಅವರ ದೊಡ್ಡಿಯಲ್ಲಿ
ಹನ್ನೊಂದು ಮರಿಗಳು ಹಲಸಿನೆಲೆಗೆ ಮೂಗು ತಾಗಿಸಿ
ಹಿಂದೆ ಸರಿದವು.
ತುಟಿಯಂಚಿಗೆ ಹೂಕೋಸಿನ ಹಾಗೆ ಎದ್ದ ಹಕ್ಕಳೆ,
ಅದೇ ಕಜ್ಜಿ ತಾಯಿಯ ಮೊಲೆತೊಟ್ಟಿಗೆ.
ಮರಿ ಬಾಯಿಡುತ್ತದೆ, ತಾಯಿ ಒದೆಯುತ್ತದೆ,
ಎರಡಕ್ಕೂ ಉರಿ.

"ಸಿಡುಬಾ ಡಾಕ್ಟ್ರೆ?"
ಬಾಲದ ಬುಡ, ತೊಡೆಸಂದು ನೋಡಿದೆ. ಏನಿಲ್ಲ.
ಜ್ವರವಿಲ್ಲ. ಗೊರಸು ಸರಿ ಇದೆ.
"ಮತ್ತೆಂತದು? ಆ ನೆಬಿಸಮ್ಮನ ಗುಡ್ಡೆ ಆಡುಗಳೇ ತಂದದ್ದು.
ಬೇಲಿ ಎಂತ ಬೇಲಿ ಅವಕ್ಕೆ."

ಹಕ್ಕಳೆ ಕಿತ್ತು ಸೀಸೆಗೆ ಹಾಕಿ
ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಮಂಗಳೂರಿಗೆ ಒಯ್ದೆ.
ಬಸ್ಸಿನಲ್ಲಿ ಪಕ್ಕದವರು ಕೇಳಿದರು: ಬಂಗುಡೆಯಾ?

ಹೆಸರು ಎರಡೇ ದಿನದಲ್ಲಿ ಸಿಕ್ಕಿತು, ಓರ್ಫ್.
ಕುಲ ಹುಡುಕಲು ತಿಂಗಳುಗಳು.
ನಾಲ್ಕೇ ಅಕ್ಷರದ ಭಾಷೆ, ಒಂದೂ ಬಿಡದೆ ಓದಿ
ಸಾಲಿಗೆ ಸಾಲು ಹೊಂದಿಸಿ ಬಿಡಿಸಿದ ಮರ.
ನಮ್ಮಲ್ಲಿ ಮದುವೆಗೆ ಮೊದಲು ಬಳಿ ಕೇಳುವ ಹಾಗೆ
ಕೇಳಿದೆವು: ನಿನ್ನ ತಾಯಿ ಕಡೆಯವರು ಯಾರು?

ಬುಡದಲ್ಲಿ ನಿಂತಿತ್ತು ಸಿರೋಹಿ ಹೋತ,
ಮಾರ್ಚಿನಲ್ಲಿ ಲಾರಿಯಿಂದ ಇಳಿದದ್ದು, ಮೂವತ್ತೆರಡು ಸಾವಿರದ್ದು,
ತುಟಿಯಲ್ಲಿ ಒಣಗಿದ ಒಂದೇ ಚುಕ್ಕೆ.
ಯಾರೂ ನೋಡಿರಲಿಲ್ಲ. ನಾನೂ.
ಅದರ ಜೊತೆಗೇ ಹನ್ನೊಂದು ಮರಿ.
ಆಮೇಲೆ ಹುಣ್ಣೆದ್ದ ನೆಬಿಸಮ್ಮನ ನಾಲ್ಕು ಮಾತ್ರ
ಒಂದಕ್ಷರ ಬದಲಾಗಿ, ಮೇಲಿನ ಚಿಗುರಲ್ಲಿ.
ಬೇಲಿ ದಾಟಿದ್ದು ಈ ಕಡೆಯಿಂದ ಆ ಕಡೆಗೆ.

ಕಾಗದ ತೋರಿಸಿದೆ. ಫೆಲ್ಸಿಬಾಯಿ ಕನ್ನಡಕ ಒರೆಸಿ
ಬಹಳ ಹೊತ್ತು ನೋಡಿ
"ಕಾಫಿ ಕುಡಿಯುತ್ತೀರಾ" ಅಂದರು.

ಅವರಿಗೆ ತೋರಿಸದ ಒಂದು ಗೆರೆ ಇದೆ.
ಆ ಚಿಗುರಲ್ಲಿ ನಾಲ್ಕಲ್ಲ, ಐದು.
ಐದನೆಯದು ನನ್ನ ಹೆಬ್ಬೆರಳು,
ಹಲಸಿನಬೀಜದಷ್ಟು ಊದಿ ಈಗಷ್ಟೇ ಮಾಯುತ್ತಿರುವುದು.
ಅವತ್ತು ಕೈಗವಸು ಮುಗಿದಿತ್ತು.
ದೊಡ್ಡಿಯಿಂದ ನೇರ ನೆಬಿಸಮ್ಮನ ಅಂಗಳಕ್ಕೆ ಹೋಗಿ
ಬಾಯಿ ಬಿಡಿಸಿ ಹುಳದ ಮದ್ದು ಕುಡಿಸಿದ್ದೆ, ನಾಲ್ಕಕ್ಕೂ.
ಅವುಗಳಿಂದ ನನಗೋ
ನನ್ನಿಂದ ಅವಕ್ಕೋ
ಮರ ಹೇಳುವುದಿಲ್ಲ.

ಮೊನ್ನೆ ನೆಬಿಸಮ್ಮ ಬೆರಳು ನೋಡಿ
ಚಿಪ್ಪಿನಲ್ಲಿ ಅರಶಿನ, ತೆಂಗಿನೆಣ್ಣೆ ಕಲಸಿ ತಂದರು.
"ನಮ್ಮ ಆಡಿಂದ ನಿಮಗೂ ಬಂತಲ್ಲ ಡಾಕ್ಟ್ರೆ,
ಬೇಜಾರು ಮಾಡಬೇಡಿ."
ಮುಟ್ಟಬೇಡಿ, ಅಂಟುತ್ತದೆ, ಅಂದೆ.
ಅಷ್ಟನ್ನೇ ಅಂದೆ.